ಒಡೆದ ಕಲ್ಲಿನ ಪರೀಕ್ಷೆ

ಗಂಗನಕಟ್ಟಿ
ಫೆಬ್ರವರಿ ೩೦, ೨೨೭೧

ಹಳಗನ್ನಡ ಎಂ.ಎ. ಮಾಡಿಯೇ ತೀರುತ್ತೇನೆಂದು ಹಟ ಹಿಡಿದಿರುವ ನಿಮಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಮಿಕ್ಕುವ ದಿನಗಳಿಗೆ 'ಉಳಿಕೆ' ಎನ್ನುತ್ತೇವೆ, ಆಗ ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಕಾಲದ ಕನ್ನಡವನ್ನು ನಾನು ಪಠ್ಯದಲ್ಲಿ ಓದಿ ಕಲಿತವಳು. ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ. ವಯಸ್ಸಿನಲ್ಲಿ ನೀವು ನನಗಿಂತ ಎಳೆಯರೇ ಇರಬಹುದು. ಆದರೂ ಎರಡು ಶತಮಾನ ಮೊದಲು ಹುಟ್ಟಿದವರನ್ನು ಏಕವಚನದಲ್ಲಿ ಕರೆಯಲು ನಾಲಿಗೆ ಏಳುವುದಿಲ್ಲ. ಈ ಕಾಗದ 'ಹಿನ್ನೋಲೆ'ಯಲ್ಲಿ ಬರುತ್ತಿದೆ. ಅದು ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಉತ್ತರ ತರುವುದಿಲ್ಲವಾದ್ದರಿಂದ ಜಗಳ ಆಡುವವರಿಗೆ ಬಲು ಅನುಕೂಲ.

ನಾವು ರೊಟ್ಟಿಯನ್ನು ಈಗಲೂ ಕೈಯಲ್ಲೇ ಬಡಿಯುತ್ತೇವೆ. ಓದುವುದನ್ನು ಮಾತ್ರ ಬಿಟ್ಟಿದ್ದೇವೆ. ಮಗುವಿಗೆ ಹಲ್ಲು ಬರುವ ಹೊತ್ತಿಗೆ ಅದರ ಕಿವಿಯ ಹಿಂದೆ ಹುರುಳಿಕಾಳಿನಷ್ಟು ದೊಡ್ಡ 'ತಿಳಿಸುಗ'ವನ್ನು ಅಂಟಿಸುತ್ತಾರೆ. ಕಣ್ಣು ಯಾವ ಬರಹದ ಮೇಲೆ ಬಿದ್ದರೂ ಅದು ಅರ್ಥವನ್ನು ಇಂದಿನ ಮಾತಿನಲ್ಲಿ ಹೇಳಿಬಿಡುತ್ತದೆ. ಬಸ್ಸಿನ ಬೋರ್ಡು, ಔಷಧದ ಚೀಟಿ, ಸಾವಿರ ವರ್ಷದ ಶಾಸನ, ಎಲ್ಲಕ್ಕೂ ಒಂದೇ ದನಿ. ಹೀಗಿರುವಾಗ ಹಳಗನ್ನಡ ಯಾಕೆಂದು ನನ್ನನ್ನು ಕೇಳದವರಿಲ್ಲ. ನಮ್ಮ ದೊಡ್ಡವ್ವ, "ಗಾಡಿ ಬಾಗಲದಾಗ ನಿಂತೈತಿ, ನೀ ನಡಕೊಂತ ಹೊಂಟೀದಿ" ಎಂದು ಬೈದಳು. ನಾನು ನಡೆದೇ ಹೋದೆ. ನಮ್ಮ ವಿಭಾಗದಲ್ಲಿ ಪಾಠ ಹೇಳಲು ಚಂಪಾವತಿ ಮೇಡಂ ಒಬ್ಬರೇ, ಕೇಳಲು ನಾನೊಬ್ಬಳೇ. ನಾನು ಪಾಸಾಗದಿದ್ದರೆ ವಿಭಾಗಕ್ಕೆ ಬೀಗ ಎಂದು ವಿಶ್ವವಿದ್ಯಾಲಯ ಹೇಳಿಬಿಟ್ಟಿದೆ.

ಈ ಪದವಿಗೆ ನಮ್ಮಲ್ಲೊಂದು ಪದ್ಧತಿಯಿದೆ. ಸೇರಿದ ದಿನವೇ ಪ್ರತಿಯೊಬ್ಬರಿಗೂ ಒಂದು ಶಾಸನದ ಕಲ್ಲನ್ನು ಗೊತ್ತುಮಾಡುತ್ತಾರೆ. ಆ ಕಲ್ಲಿರುವ ಊರಿನಲ್ಲೇ ಇದ್ದು, ಕೊನೆಗೆ ತಿಳಿಸುಗ ತೆಗೆದಿಟ್ಟು, ಪರೀಕ್ಷಕರ ಮತ್ತು ಊರವರ ಎದುರು ಅದನ್ನು ಓದಿ ಹೇಳಬೇಕು. ನನ್ನ ಪಾಲಿಗೆ ಬಂದದ್ದು ಗಂಗನಕಟ್ಟಿಯ ಕೆರೆ ಏರಿಯ ಕಲ್ಲು. ಅದನ್ನು ತೊಳೆದೆ. ಒದ್ದೆ ಕಾಗದ ಹೊದಿಸಿ ಕುಂಚದಿಂದ ಬಡಿದು, ಮಸಿ ತಟ್ಟಿ ಅಚ್ಚು ತೆಗೆದೆ. ಇಳಿಬಿಸಿಲಿನಲ್ಲಿ ಒಂದೊಂದೇ ಅಕ್ಷರವನ್ನು ಬೆರಳಿನಿಂದ ಸವರಿ ನೋಡಿದೆ. ಕೆರೆ ಕಟ್ಟಿಸಿದ್ದು, ತೂಬು ಇಡಿಸಿದ್ದು, ಗದ್ದೆಗಳಿಗೆ ನೀರಿನ ಸರದಿ, ಎಲ್ಲ ಸ್ಪಷ್ಟವಾಗಿದೆ. ಕಟ್ಟಿಸಿದವರ ಹೆಸರಿದ್ದ ಜಾಗದಲ್ಲಿ ಮಾತ್ರ ಕಲ್ಲು ಒಡೆದು ಹಾರಿಹೋಗಿದೆ.

ತಿಳಿಸುಗಕ್ಕೆ ಸುಮ್ಮನಿರಲು ಬಾರದು. ಬೇರೆ ಕಲ್ಲುಗಳಲ್ಲಿ ಹೆಚ್ಚಾಗಿ ಏನಿದೆಯೋ ಅದನ್ನೇ ತಂದು ತುಂಬುತ್ತದೆ. ಇಲ್ಲಿ ಅರಸನ ಮಗ ಕಟ್ಟಿಸಿದ ಎನ್ನುತ್ತದೆ, ಚೂರೂ ತಡವರಿಸದೆ. ಪರೀಕ್ಷೆಯ ದಿನ ನಾನು ಆ ಜಾಗಕ್ಕೆ ಬಂದು ನಿಂತೆ. ಇಲ್ಲಿ ಒಡೆದಿದೆ, ಯಾರೆಂದು ನನಗೆ ತಿಳಿಯದು ಎಂದೆ. ಪೂರ್ತಿ ಓದಲು ಬಾರದವಳೆಂದು ಪರೀಕ್ಷಕರು ನಪಾಸು ಮಾಡಿದರು. ಆದರೆ ಜನರ ನಡುವೆ ಕೂತಿದ್ದ, ಕೆರೆಯ ಹೂಳು ತೆಗೆಯುವ ಹುಲಿಗೆವ್ವ ಎದ್ದು ನಿಂತು, "ಗೊತ್ತಿಲ್ಲ ಅಂದ್ರ ನಮ್ಮ ಪೈಕಿಯವ್ರೂ ಇರಬಹುದಲ್ಲವ್ವಾ" ಎಂದರು. ಊರು ಆ ಮಾತನ್ನು ಹಿಡಿದುಕೊಂಡಿತು. ಈಗ ಕುಂಬಾರರು, ಬಡಿಗೇರರು, ಹುಲಿಗೆವ್ವನ ಮನೆಯವರು, ಎಲ್ಲರೂ ಕೆರೆ ತಮ್ಮ ಹಿರಿಯರದೆಂದು ಕಟ್ಟೆಯ ಮೇಲೆ ಕೂತು ವಾದಿಸುತ್ತಾರೆ. ಅದನ್ನು ಕೇಳಿ ನನಗಾದ ಸಂತೋಷದಲ್ಲಿ ನಪಾಸಾದದ್ದೇ ಮರೆತುಹೋಗಿತ್ತು.

ನಾಳೆ ಮರುಪರೀಕ್ಷೆ. ಬಾಳೆಲ್ಲ ಆ ವಿಭಾಗಕ್ಕೇ ಸವೆಸಿದ ಚಂಪಾವತಿ ಮೇಡಂ ಬೆಳಿಗ್ಗೆ ಬಂದಿದ್ದರು. "ಅರಸನ ಮಗ ಅಂತ ಒಂದ್ ಮಾತು ಅಂದುಬಿಡವ್ವಾ. ಕಲ್ಲೇನು ಎದ್ದುಬಂದು ಸಾಕ್ಷಿ ಹೇಳ್ತೈತೇನು?" ಎಂದು ಕಣ್ಣು ತುಂಬಿಕೊಂಡರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೂ ಒಲ್ಲೆ ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ಉಳಿಸಿಕೊಂಡ ವಿಭಾಗದಲ್ಲಿ ಮುಂದೆ ಕಲಿಸುವುದಾದರೂ ಏನನ್ನು?

ಸಿಟ್ಟಿರುವುದು ನಿಮ್ಮ ಕಾಲದವರ ಮೇಲೆ, ಹೇಳಿಯೇಬಿಡುತ್ತೇನೆ. ತಿಳಿಸುಗ ಈ ಚಾಳಿಯನ್ನು ತಾನಾಗಿ ಕಲಿತದ್ದಲ್ಲ. ಅದು ನಿಮ್ಮ ಬರಹಗಳನ್ನು ತಿಂದು ಬೆಳೆದದ್ದು. ಮರ್ಯಾದೆಗೆ ಅಂಜಿ, ಮಾರ್ಕ್ಸಿಗೆ ಅಂಜಿ, ಒಡೆದ ಜಾಗಕ್ಕೆ ಊಹೆ ಮೆತ್ತಿದವರು ನಿಮ್ಮಲ್ಲೇ ಇದ್ದರು. ಆದ್ದರಿಂದ ಕೋರಿಕೆ ಇಷ್ಟೇ. ಅರ್ಜಿ ಹಾಕಿ. ಯಾರು ನಕ್ಕರೂ ಸೇರಿ, ಕಷ್ಟಪಟ್ಟು ಓದಿ. ಓದಲಾಗದ ಕಡೆ ಚುಕ್ಕಿಯಿಟ್ಟು ಖಾಲಿ ಬಿಡಿ. ಅದಕ್ಕಾಗಿ ಅಂಕ ಹೋದರೆ ಹೋಗಲಿ.

ನಾಳೆ ನನ್ನ ಉತ್ತರ ಬದಲಾಗುವುದಿಲ್ಲ. ಬೀಗ ಹಾಕುವವರು ಹಾಕಿಕೊಳ್ಳಲಿ, ಏರಿಯ ಮೇಲಿನ ಕಲ್ಲಿಗೆ ಬಾಗಿಲಿಲ್ಲ. ನಾಡಿದ್ದಿನಿಂದ ಅಲ್ಲಿಯೇ ಪಾಠ ಶುರುಮಾಡುತ್ತೇನೆ. ಹುಲಿಗೆವ್ವ ಬರುತ್ತೇನೆಂದಿದ್ದಾರೆ. ಚಂಪಾವತಿ ಮೇಡಂ ಬಂದರೆ ಪಾಠ ಹೇಳುವ ಜಾಗ ಅವರದೇ.

ಇಂತಿ,
ದಾಕ್ಷಾಯಿಣಿ ಕಟ್ಟಿಮನಿ
ಎಂ.ಎ. (ಹಳಗನ್ನಡ), ನಪಾಸು