ಕೊನೆಯ ಸಾಲಿನ ಹೆಸರು

ಸೀಡರ್ ಪಾರ್ಕ್
ಗುರುವಾರ, ೧೨ ಜೂನ್ ೨೦೨೫

ಪ್ರೀತಿಯ ಪ್ರಿಯಂವದಾ,

ಹೇಗಿದ್ದೀಯ? ಭಾನುವಾರದಿಂದ ನಿನ್ನ ಫೋನ್ ಎತ್ತಿಲ್ಲ, ಕೋಪ ಮಾಡಿಕೊಳ್ಳಬೇಡ. ಶನಿವಾರ ಸಂಗಮೇಶ್ ಪೇರ್ಲ್ಯಾಂಡಿನ ಮೀನಾಕ್ಷಿ ಗುಡಿಗೆ ಬರುತ್ತಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಅಂದು 'ನನ್ನ ಲೇಖನ ಈಗಲೇ ತೆಗೆಸು' ಎಂದು ಮೆಸೇಜ್ ಹಾಕಿದಾಗ ನೀನು ಕಾರಣ ಕೇಳದೆ ಕನ್ನಡ ಕೂಟದ ವೆಬ್‌ಸೈಟಿನಿಂದ ತೆಗೆಸಿದೆ. ಕಾರಣ ಈಗ ಹೇಳುತ್ತೇನೆ.

ಆ ಲೇಖನದಲ್ಲಿ ಬರೆದ ರಷ್ಯನ್ ವಾರಪತ್ರಿಕೆಯ ಇತಿಹಾಸ ನನಗೆ ತಿಳಿದದ್ದು ಗಲೀನಾ ಅವರಿಂದ. ಈಗ ಇಲ್ಲೇ ಹತ್ತಿರ ಫ್ಲೂಗರ್‌ವಿಲ್‌ನಲ್ಲಿ ಮಗಳ ಜೊತೆಗಿರುವ ಅವರು ಆ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷ ಕರಡು ತಿದ್ದಿದವರು. ಎರಡು ಕೋಣೆಗಳಲ್ಲಿ ಶುರುವಾದ ಪತ್ರಿಕೆ, ಅದಕ್ಕಾಗಿ ಸೋಮವಾರ ಜನ ಸಾಲು ನಿಲ್ಲುತ್ತಿದ್ದದ್ದು, ಯುದ್ಧದ ವರದಿಗಳು, ಮಾಲೀಕರು ಬದಲಾದದ್ದು, ಸಂಪಾದಕರು ಒಂದು ಮಧ್ಯಾಹ್ನ ಕೋಟು ಹಾಕಿಕೊಂಡು ಹೊರಟುಹೋದದ್ದು, ಕೊನೆಗೆ ಸರ್ಕಾರದ ಒತ್ತಡಕ್ಕೆ ಮುದ್ರಣವೇ ನಿಂತದ್ದು. ಧಾರವಾಡದಲ್ಲಿ ಕಲಿತ ನನ್ನ ಹರಕುಮುರುಕು ರಷ್ಯನ್ನನ್ನು ಸಹಿಸಿಕೊಂಡು ಎಲ್ಲ ಹೇಳಿದರು. ಹಳೆಯ ಸಂಚಿಕೆಗಳಿದ್ದದ್ದು ಮಾಸ್ಕೋದಲ್ಲಿ, ಅವರ ತಂಗಿ ತಮಾರಾ ಅವರ ಬೀರುವಿನಲ್ಲಿ, ಹೊದಿಕೆಗಳ ಕೆಳಗೆ. ಆಕೆ ನನಗಾಗಿ ಒಂದೊಂದೇ ಪುಟದ ಫೋಟೊ ತೆಗೆದು ಕಳಿಸಿದರು.

ನೀನು ಸಂಪಾದಿಸುವ ಯುಗಾದಿ ಸಂಚಿಕೆಗೆ ಲೇಖನ ಕೊಟ್ಟಾಗ ನೀನು ನಕ್ಕದ್ದು ನೆನಪಿದೆಯಾ? "ಉಪಕಾರ ಸ್ಮರಣೆ ಎಲ್ಲಿ ಕಣೇ? ಉಂಡು ಕೈ ತೊಳೀದೆ ಎದ್ದ ಹಾಗಿದೆ" ಅಂದೆ. ನಾವೇ ಹಾಗಲ್ಲವೇ? ಚಿತ್ರಾನ್ನ ತಂದವರ ಹೆಸರನ್ನೂ ಮೈಕಿನಲ್ಲಿ ಹೇಳದೆ ಕಾರ್ಯಕ್ರಮ ಮುಗಿಸುವವರಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆ: ತಮಾರಾ ಅವರ ಪೂರ್ತಿ ಹೆಸರು, ಊರು, ಮಾಡಿದ ಉಪಕಾರ.

"ಕನ್ನಡ ಯಾರ್ ಓದ್ತಾರ ಮಾಸ್ಕೋದಾಗ? ಇಲ್ಲೇ ನಮ್ಮ ಮಗಳು ವೈಷ್ಣವಿನೇ ಓದಂಗಿಲ್ಲ" ಅಂದರು ಸಂಗಮೇಶ್.

ಈಗ ಓದುವುದಕ್ಕೆ ಮನುಷ್ಯರೇ ಬೇಕಾಗಿಲ್ಲ. ಕಳೆದ ವಾರ ಇಬ್ಬರು ಪೊಲೀಸ್ ಅಧಿಕಾರಿಗಳು ತಮಾರಾ ಅವರ ಮನೆಗೆ ಬಂದರಂತೆ. ಕೈಯಲ್ಲಿ ನನ್ನ ಲೇಖನ, ಯಂತ್ರ ಮಾಡಿದ ರಷ್ಯನ್ ಅನುವಾದದಲ್ಲಿ. ಆಕೆಯ ಹೆಸರಿನ ಸುತ್ತ ಗೆರೆ. ಸಂಚಿಕೆಗಳನ್ನೆಲ್ಲ ಒಯ್ದರು. ಸೋಮವಾರ ವಿಚಾರಣೆಗೆ ಬರಹೇಳಿದರು. ಸೋಮವಾರ ಹೋದವರು ಇನ್ನೂ ಅಕ್ಕನ ಫೋನ್ ಎತ್ತುತ್ತಿಲ್ಲ.

ಇಂದು ಗಲೀನಾರ ಜೊತೆ ಕೂತಿದ್ದೆ. ಅವರು ಅಳಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತ, "ಕೊನೆಯ ವರ್ಷಗಳಲ್ಲಿ ನಾನು ಕಾಗುಣಿತ ತಿದ್ದಿದ್ದು ಕಡಿಮೆ, ವಾಣಿ. ಸುದ್ದಿ ಕೊಟ್ಟವರ ಹೆಸರು ಹೊಡೆದುಹಾಕಿದ್ದೇ ಹೆಚ್ಚು. ಒಂದನ್ನೂ ಬಿಟ್ಟವಳಲ್ಲ" ಎಂದರು. ಒಳಗೆ ವಾಷಿಂಗ್ ಮಷಿನ್ ಬೀಪ್ ಎಂದು ಕೂಗಿತು. ಇಬ್ಬರೂ ಫೋನಿಗೆ ಕೈ ಚಾಚಿದೆವು.

ತಮಾರಾಗಾಗಿ ಅರ್ಚನೆ ಮಾಡಿಸೆಂದು ಬರೆಯಲಿದ್ದೆ. ಅರ್ಚಕರು ಹೆಸರು ಕೇಳಿ ಗಟ್ಟಿಯಾಗಿ ಹೇಳುತ್ತಾರೆ. ಬೇಡ. ಸುಮ್ಮನೆ ಒಂದು ದೀಪ ಹಚ್ಚು. ನಿನ್ನ ಮನೆಯನ್ನು ದೇವರು ತಣ್ಣಗಿಟ್ಟಿರಲಿ.

ನಿನ್ನ
ವಾಣಿಶ್ರೀ

ತಾ.ಕ.: ಅಚ್ಚಿಗೆ ಹೋಗುವ ಮುನ್ನ ನೀನು "ಹೆಸರು ಹಾಕೋಕೆ ತಮಾರಾ ಒಪ್ಪಿದ್ದಾರೆ ತಾನೇ?" ಎಂದು ಕೇಳಿದ್ದೆ. ಹೂಂ ಅಂದೆ. ನಾನು ಕೇಳಿರಲೇ ಇಲ್ಲ. ಎಲ್ಲೂ ಹೆಸರು ಬೇಡವೆಂದು ಗಲೀನಾ ಮೊದಲ ದಿನವೇ ಹೇಳಿದ್ದರು. ಭಾನುವಾರ ಅವರು "ನಿನ್ನ ಸಂಪಾದಕಿ ಸೇರಿಸಿರಬೇಕು, ಅಲ್ಲವೇ?" ಎಂದಾಗ ನಾನು ಸುಮ್ಮನಿದ್ದೆ. ನಿನ್ನ ಫೋನ್ ಎತ್ತದೆ ಇದ್ದದ್ದು ಅದಕ್ಕೇ. ಇಂದು ನಾನು ಹೊರಡುವಾಗ ಗಲೀನಾ ಬಾಗಿಲವರೆಗೆ ಬಂದು, "ನಿನ್ನ ಸಂಪಾದಕಿಯನ್ನು ಬೈಯಬೇಡ, ಪಾಪ, ಅವಳಿಗೇನು ಗೊತ್ತು" ಎಂದು ನನ್ನ ತಲೆ ಸವರಿದರು.