ಮೇಕೆಯ ಮೊದಲ ಹಾಲು

ಮಾರ್ಚ್ ೧೨, ಮಂಗಳವಾರ

ಮನೆಯದೇ ಹಾಲು ಬೇಕೆಂದು ಇವರು ತಂದು ಕಟ್ಟಿದ ಮೇಕೆಯನ್ನು ಇವತ್ತು ಮೊದಲ ಸಲ ಕರೆದೆವು. ನಾನು ಕೊಂಬು ಹಿಡಿದಿದ್ದೆ, ಇವರು ಕರೆಯುತ್ತಿದ್ದರು. ಪಾತ್ರೆ ಅರ್ಧ ತುಂಬಿತ್ತು, ಅಷ್ಟರಲ್ಲಿ ಅದು ಹಿಕ್ಕೆ ಮೆತ್ತಿದ ಕಾಲನ್ನು ಹಾಲಿನೊಳಗೇ ಇಟ್ಟಿತು.

“ಚೆಲ್ಲಿಬಿಡಿ” ಎಂದೆ.

“ಸೋಸಿ ಕುದಿಸಿದ್ರೆ ಏನೂ ಆಗಲ್ಲ, ಸುಮ್ನಿರು.”

ನಾನು ಹಿತ್ತಲು ತೊಳೆದು ಒಳಗೆ ಬರುವಷ್ಟರಲ್ಲಿ ಅತ್ತೆ ಅದೇ ಹಾಲಿನ ಚಹಾ ಕುಡಿಯುತ್ತಿದ್ದರು.

“ಎಷ್ಟು ಚೆನ್ನಾಗಿದೆ ಕಣೋ, ನೀನೂ ಕುಡಿ” ಎಂದು ಮಗನಿಗೆ ಹೇಳಿದರು.

“ನಂಗೆ ಹಾಲು ಹಾಕದ ಚಹಾನೇ ಇಷ್ಟ, ಅಮ್ಮ.”

ಹೆತ್ತ ತಾಯಿಗೆ ಹಾಗೆ ಹೇಳುವಾಗ ಇವರ ಮುಖ ಚೂರೂ ಬದಲಾಗಲಿಲ್ಲ. ಮೇಕೆಗೇನು ಗೊತ್ತು ಪಾಪ, ಅದರ ಮೇಲೆ ನನಗೆ ಹೇಸಿಗೆಯಿಲ್ಲ.

ರಾತ್ರಿ ಚಾಪೆ ತಂದು ಅತ್ತೆಯ ಕೋಣೆಯಲ್ಲಿ ಹಾಸಿಕೊಂಡೆ.

“ಯಾಕಮ್ಮ, ಇಲ್ಲಿ?” ಎಂದರು.

ಹೇಳಿದೆ. ಅತ್ತೆ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದು, ಕೋಣೆಯ ಚಿಲಕ ಹಾಕಿದರು.