ದುಂಡಗೆ ಹಾಕಿದ ಸಹಿ

ಫೆಬ್ರವರಿ 3, ಸೋಮವಾರ. ಊಟದ ಬೆಲ್ ಆದ ಮೇಲೆ

ಗಾರ್ಮೆಂಟ್ಸಿನಲ್ಲಿ ಬೆಳಗಿನ ಟಾರ್ಗೆಟ್ ಮುಟ್ಟಲಿಲ್ಲ. ಸೂಪರ್‌ವೈಸರ್ ಬಾಯಿ ಬಿಟ್ಟರೆ ಬೈಗುಳ. ಅದರ ಮೇಲೆ ಹೊಸ ನೋಟಿಸ್ — ಮುಂದಿನ ತಿಂಗಳಿಂದ ದಿನಕ್ಕೆ ಹತ್ತು ಗಂಟೆ ದುಡಿಮೆ. ಹಿರಿಯೂರಿನಿಂದ ನಮ್ಮೂರಿಗೆ ಕೊನೇ ಬಸ್ಸು ಅಷ್ಟೊತ್ತಿಗೆ ಹೋಗಿರುತ್ತದೆ. ನಡೆದುಕೊಂಡು ಹೋಗಲಿ ಅಂತಲೋ ಏನೋ.

ಪಕ್ಕದ ಮಿಷನ್ನಿನ ಏಕನಾಥಕ್ಕ ನನಗೆ ಕಾಲರ್ ಹೊಲಿಯಲು ಕಲಿಸಿದವಳು. ಓದು ಬರಹ ಇಲ್ಲ, ಸಹಿಯಷ್ಟೇ. ಅರ್ಜಿ ಕೊಡೋಣ, ಆದರೆ ಸಹಿ ದುಂಡಗೆ ಹಾಕೋಣ ಅಂದಳು. ರೊಟ್ಟಿಯ ಅಂಚಿನ ಹಾಗೆ. ಹಿಂದೊಮ್ಮೆ ಮೊದಲ ಸಹಿಯವಳನ್ನೇ ಮನೆಗೆ ಕಳಿಸಿದ್ದರಂತೆ. ಮೂವತ್ತೊಂದು ಜನ ಹಾಕಿದೆವು.

ಫೆಬ್ರವರಿ 9, ಭಾನುವಾರ

ಅರ್ಜಿ ಹಿಡಿದು ಪಕ್ಷದ ಆಫೀಸಿಗೆ ಹೋಗಿದ್ದೆ. ಕಾರ್ಮಿಕ ಘಟಕದ ಹನುಮಂತರಾಜು ಸಿಕ್ಕಿದರು. ಎಲೆಕ್ಷನ್ನಿಗೆ ಮುಂಚೆ ನಮ್ಮ ಗೇಟಿನ ಮುಂದೆ ಕುಳಿತು ‘ಎಂಟೇ ಗಂಟೆ’ ಅಂತ ಗಂಟಲು ಹರಿದುಕೊಂಡವರು. ಈಗ ಅವರದೇ ಸರ್ಕಾರ. ಟೀ ತರಿಸಿದರು.

“ಇದೇನಮ್ಮ, ರಂಗೋಲಿ ಬಿಟ್ಟೀರಿ? ನಂಬರ್ ಹಾಕಿ ನೀಟಾಗಿ ಪಟ್ಟಿ ಮಾಡ್ರಿ. ನಮ್ಮ ಕೈ ಬಿಟ್ಟು ಎಲ್ಲೂ ಹೋಗಲ್ಲ.”

ಅಲ್ಲೇ ಕುಳಿತು ಬರೆದೆ. ಅಕ್ಷರ ಮುತ್ತಿನಂತಿದೆ ಅಂದರು. ಉಬ್ಬಿಹೋದೆ. ದೊಡ್ಡವಳಿರುವಾಗ ಚಿಕ್ಕವರ ಹೆಸರು ಮುಂದೆ ಹಾಕುವುದು ಹೇಗೆ... ಲಗ್ನಪತ್ರಿಕೆಯಲ್ಲಿ ಹಿರಿಯರನ್ನು ಹಾಕುವ ಹಾಗೆ ಅಕ್ಕನನ್ನು ಒಂದನೇ ನಂಬರಿಗೆ ಹಾಕಿದೆ. ನನ್ನದು ಕೊನೆಗೆ.

ಫೆಬ್ರವರಿ 20, ಗುರುವಾರ

ಅಕ್ಕನನ್ನು ಸಸ್ಪೆಂಡ್ ಮಾಡಿದರು. ಕೆಲಸಗಾರರನ್ನು ಎತ್ತಿಕಟ್ಟಿದಳಂತೆ. ಸೋಮವಾರ ಎನ್‌ಕ್ವೈರಿ. ಅವಳ ಮನೆಯಲ್ಲಿ ದುಡಿಯುವವರು ಇನ್ನೊಬ್ಬರಿಲ್ಲ.

ಹನುಮಂತರಾಜು ನಾಲ್ಕನೇ ಸಲಕ್ಕೆ ಫೋನ್ ಎತ್ತಿದರು. ಪಟ್ಟಿಯನ್ನು ಫ್ಯಾಕ್ಟರಿಗೆ ಕೊಟ್ಟದ್ದು ಅವರೇ, ಮಾತುಕತೆಗೆ ಅಂತ. “ಫ್ಯಾಕ್ಟರಿ ಮುಚ್ಚಿದ್ರೆ ನಮ್ಮ ಸರ್ಕಾರಕ್ಕೇ ಕೆಟ್ಟ ಹೆಸ್ರು ಬರ್ತೈತಮ್ಮ. ಒಬ್ರದು ತಾನೆ, ಹೊಂದಿಸ್ಕಂಡು ಹೋಗ್ರಿ.”

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು. ಅವರನ್ನು ಬೈಯುವುದು ಸುಲಭ. ಬರೆದ ಕೈ ನನ್ನದು.

ಫೆಬ್ರವರಿ 23, ಭಾನುವಾರ

ಅಕ್ಕ ಬಂದಿದ್ದಳು, ಎನ್‌ಕ್ವೈರಿ ನೋಟಿಸ್ ಓದಿಸಿಕೊಳ್ಳಲು. ಅದರ ಹಿಂದೆ ಪಟ್ಟಿಯ ಜೆರಾಕ್ಸ್ ಪಿನ್ ಮಾಡಿದ್ದರು. ನನ್ನ ಅಕ್ಷರವನ್ನು ನಾನೇ ಅವಳಿಗೆ ಓದಿ ಹೇಳಿದೆ. ಎರಡು ಸಲ ತಪ್ಪಿ ಓದಿದೆ. ಅವಳು ನನಗೇ ನೀರು ಕೊಟ್ಟಳು.

“ದುಂಡಗೆ ಹಾಕಿದ್ವಲ್ಲವ್ವ. ನನ್ನನ್ನ ಮೇಲಕ್ಕೆ ತಂದೋರು ಯಾರು?”

ಪಾರ್ಟಿಯವರು ಯಾರೋ ಇರಬೇಕು ಅಂದೆ. ನಂಬಿದಳು. ನಾಳೆ ತನ್ನ ಜೊತೆ ನಾನೇ ಬರಬೇಕಂತೆ, ಓದಿದವಳು ಅಂತ. ಥೂ ನನ್ನ ಓದಿಗೆ.

ಫೆಬ್ರವರಿ 24, ಸೋಮವಾರ. ಬೆಳಿಗ್ಗೆ 8:40

ಎಚ್.ಆರ್. ರೂಮಿನ ಹೊರಗೆ ಬೆಂಚು. ಅಕ್ಕ ಪಕ್ಕದಲ್ಲಿದ್ದಾಳೆ. ಬರೆದವಳು ನಾನು ಅಂದರೆ ನನ್ನ ಕೆಲಸವೂ ಹೋಗುತ್ತದೆ. ಅದಕ್ಕಿಂತ ಅವಳ ಮುಖ ನೋಡುವುದಕ್ಕೇ ಹೆದರಿಕೆ. ಬಾಯಲ್ಲಿ ಹೇಳಲು ಆಗುತ್ತಿಲ್ಲ.

ಜೆರಾಕ್ಸ್ ಅವಳ ತೊಡೆಯ ಮೇಲಿದೆ. ಮೊದಲ ಹೆಸರಿನ ಮೇಲೆ ಬೆರಳಿಟ್ಟುಕೊಂಡು, ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಅವಳಿಗೆ ಓದಲು ಬರುವುದು ಅದೊಂದೇ ಹೆಸರು. ಈ ಪುಸ್ತಕ ಅವಳ ಕಡೆಗೆ ವಾಲಿಸಿದ್ದೇನೆ. ದೊಡ್ಡದಾಗಿ, ನಿಧಾನಕ್ಕೆ, ಪಟ್ಟಿಯಲ್ಲಿ ಬರೆದ ಹಾಗೆಯೇ ಬರೆಯುತ್ತಿದ್ದೇನೆ — ಏಕನಾಥ